ಕೆಳಗಿಡಬಾರದ ಕಲ್ಲು

ಕಳೆದ ವಾರ ಊರಿನಿಂದ ಬಂದ ಪರಿಚಯದವರೊಬ್ಬರು ನಮ್ಮ ಮನೆಗೆ ಒಂದು ಪೊಟ್ಟಣ ತಂದಿದ್ದರು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲೆ ನೂಲು ಬಿಗಿದದ್ದು. ಅದನ್ನು ಟೀಪಾಯಿಯ ಮೇಲೆ ಇಡಲು ಹೋದರು. "ಬೇಡ, ಇಲ್ಲಿ ಕೊಡಿ" ಎಂದು ನಾನು ಕೈ ಚಾಚಿ ಕಸಿದುಕೊಂಡಂತೆ ತೆಗೆದುಕೊಂಡೆ. ಅವರು ಏನೆಂದುಕೊಂಡರೋ. ಅವರು ಹೋದ ಮೇಲೆ ಬಿಚ್ಚಿದರೆ ಅಂಗೈ ಅಗಲದ ಒಂದು ಮುರಕಲ್ಲಿನ ತುಂಡು, ಕೆಂಪಗೆ, ತೂತುತೂತಾಗಿ. ಮೂಗಿನ ಹತ್ತಿರ ಹಿಡಿದೆ. ಮಣ್ಣು, ಒಲೆಯ ಹೊಗೆ, ಕಪಾಟಿನಲ್ಲಿಟ್ಟ ನುಸಿಗುಳಿಗೆ, ಮೂರೂ ಸೇರಿದ ವಾಸನೆ. ಅದು ಎದುರುಮನೆಯ ಅಕ್ಕನ ಸೀರೆಗಳ ವಾಸನೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಮೊದಲು ನಾವಿದ್ದ ಕಟ್ಟಡದಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಎರಡೇ ಬಾಗಿಲುಗಳಲ್ಲಿ. ಒಂದು ನಮ್ಮದು, ಇನ್ನೊಂದು ಎದುರಿಗಿದ್ದ ಅವರದು. ಅವರ ಮನೆಮಾತು ತುಳು. ನನ್ನ ಜೊತೆ ಮಾತ್ರ ಕನ್ನಡ. ನಾನು ಮೈಸೂರಿನವಳು, ಅವರ ಕನ್ನಡ ನನಗೆ ಪುಸ್ತಕದ ಹಾಗೆ ಕೇಳಿಸುತ್ತಿತ್ತು, ನನ್ನದು ಅವರಿಗೆ ಜಗಳದ ಹಾಗೆ. "ನೀವು ಸಿಟ್ಟಲ್ಲಿದ್ದೀರೋ ಸಮಾಧಾನದಲ್ಲಿದ್ದೀರೋ ಗೊತ್ತೇ ಆಗುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಅವರ ಯಜಮಾನರು ಅಲ್ ಕೂಜಿನ ಒಂದು ಗೋದಾಮಿನಲ್ಲಿ ಮೇಲ್ವಿಚಾರಕರು. ಒಬ್ಬಳು ಮಗಳು, ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಾರ್ಖಾನೆಯ ಕಚೇರಿಯಿಂದ ಸುಸ್ತಾಗಿ ಬರುವಾಗ ಅವರ ಬಾಗಿಲು ಅರ್ಧ ತೆರೆದಿರುತ್ತಿತ್ತು. ಒಗ್ಗರಣೆಯ ಘಮಲು ಹೊರಗೆ ಬಂದು ನನ್ನನ್ನು ಒಳಗೆ ಎಳೆಯುತ್ತಿತ್ತು.

ಅವರಿಗೊಬ್ಬ ತಮ್ಮನಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವನಿಗೆ ವೀಸಾ ತೆಗೆಸಿ ಕರೆಸಿಕೊಂಡವರು ಇವರೇ. ಅಬುಧಾಬಿ ಕಡೆಯ ಜಬಲ್ ಹಫೀತ್ ಬೆಟ್ಟದ ಬುಡದಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸುವ ಟಿಪ್ಪರ್ ಓಡಿಸುತ್ತಿದ್ದನಂತೆ. ಒಂದು ಮಧ್ಯಾಹ್ನ ಟಿಪ್ಪರ್ ಮಗುಚಿತು. ಹೆಣದ ಪೆಟ್ಟಿಗೆ ಊರಿಗೆ ಹೋಯಿತು, ಬೊಜ್ಜವೂ, ಅಂದರೆ ಉತ್ತರಕ್ರಿಯೆಯೂ, ಆಯಿತು. ಆದರೆ ಊರಿನಲ್ಲಿದ್ದ ಅವರ ತಾಯಿಗೆ ನೆಮ್ಮದಿ ಬರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ದೇಹ ಬಂದಿದೆ, ಅವನು ಬಂದಿಲ್ಲ, ಬಿದ್ದ ಜಾಗದ ಹತ್ತಿರವೇ ನಿಂತಿದ್ದಾನೆ ಎಂದು ಕಂಡುಬಂತಂತೆ. ಸತ್ತವರನ್ನು ಮನೆಯ ಹಿರಿಯರ ಸಾಲಿಗೆ ಸೇರಿಸುವ ಕ್ರಮ ಅವರಲ್ಲಿದೆ, ಹದಿನಾರಕ್ಕೆ ಸೇರಿಸುವುದು ಎನ್ನುತ್ತಾರೆ. ಅಲ್ಲಿಯವರೆಗೆ ಸತ್ತವನು ದಾರಿಯಲ್ಲೇ ಇರುತ್ತಾನೆ. ತಾಯಿ ಹಾಸಿಗೆ ಹಿಡಿದಿದ್ದರು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ಒಳಗೆ ಮಗನನ್ನು ಮನೆಗೆ ಕರೆದುಕೊಂಡು ಬಾ ಎಂದು ಫೋನಿನಲ್ಲಿ ಮಗಳಿಗೆ ಹೇಳಿದ್ದರು.

ಕರೆತರುವುದಕ್ಕೂ ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಅಕ್ಕ ಅದನ್ನು ನನಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೇಳಿದರು. ಒಡಹುಟ್ಟಿದವರೇ ಹೋಗಬೇಕು. ಬರಿ ಹೊಟ್ಟೆಯಲ್ಲಿ ಹೋಗಿ, ಹೆಸರು ಹಿಡಿದು ಕರೆದು, ಅವನು ಕೂತ ಜಾಗದ ಒಂದು ಕಲ್ಲು ತೆಗೆದುಕೊಳ್ಳಬೇಕು. ಕಲ್ಲು ಕೈಗೆ ಬಂದ ಮೇಲೆ ಮನೆಯ ಹೊಸ್ತಿಲು ದಾಟುವವರೆಗೆ ಅದನ್ನು ಕೆಳಗಿಡುವಂತಿಲ್ಲ. ಗುರುತಿನವರಿಗೆ ಬೇಕಾದರೆ ಕೈ ದಾಟಿಸಬಹುದು, ನೆಲ ಮುಟ್ಟಬಾರದು. ತೆಗೆದ ಜಾಗ ಕಣ್ಣಿಗೆ ಮರೆಯಾಗುವವರೆಗೆ ಬಾಯಿ ಬಿಡುವಂತಿಲ್ಲ, ತಿರುಗಿ ನೋಡುವಂತಿಲ್ಲ. ತಿರುಗಿದರೆ ಅವನು ಅಲ್ಲೇ ನಿಲ್ಲುತ್ತಾನೆ, ಮತ್ತೆ ಕರೆದರೂ ಬರುವುದಿಲ್ಲ.

"ಇವರತ್ರ ಹೇಳ್ಲಿಕ್ಕೆ ಹೆದರಿಕೆ ಆಗ್ತದೆ. ಬೈತಾರೆ. ನಿಮ್ಮತ್ರ ಕಾರು ಉಂಟಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಕಡಿಮೆ. ನಮ್ಮ ಕಡೆ ತಿಥಿ ಮಾಡಿ ಕಾಗೆಗೆ ಅನ್ನ ಇಟ್ಟರೆ ಆಯಿತು, ಕಾಗೆ ಬಂದರೂ ಸರಿ, ಬರದಿದ್ದರೂ ಸರಿ. ಅದೂ ಅಲ್ಲದೆ ಆಗ ನನ್ನ ಪರಿಸ್ಥಿತಿ ಚೆನ್ನಾಗಿರಲಿಲ್ಲ. ನಮ್ಮವರಿಗೆ ಕೆಲಸ ಹೋಗಿ ಮೈಸೂರಿಗೆ ವಾಪಸು ಹೋಗಿದ್ದರು. ಮನೆ ನನ್ನೊಬ್ಬಳ ಕೆಲಸದ ಮೇಲೆ, ನನ್ನೊಬ್ಬಳ ವೀಸಾದ ಮೇಲೆ ನಿಂತಿತ್ತು. ಬೇಡದ ಉಸಾಬರಿ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಅಕ್ಕ ಹೀಗೆ ಕೇಳಿದವರಲ್ಲ. ಜ್ವರ ಬಂದಾಗಲೂ ಗಂಜಿ ಮಾಡಿಕೊಡಿ ಎಂದು ಕೇಳದ ಹೆಂಗಸು. ಶನಿವಾರ ಹೋಗೋಣ ಎಂದೆ.

ಆ ವರ್ಷ ರಂಜಾನ್ ಆಟಿ ತಿಂಗಳಲ್ಲೇ, ಜುಲೈ ಆಗಸ್ಟಿನ ನಡುವೆ ಬಂದಿತ್ತು. ಬಿಸಿಲು ಹೇಗಿತ್ತೆಂದರೆ ಕಾರಿನ ಸ್ಟೇರಿಂಗಿಗೆ ಟವೆಲ್ ಸುತ್ತಿ ಹಿಡಿಯಬೇಕು. ಹಗಲಲ್ಲಿ ಹೊರಗೆ ನೀರು ಕುಡಿಯುವಂತಿಲ್ಲ. ಅಕ್ಕ ಹೇಗೂ ಉಪವಾಸ. ಒಂದು ಕೈಚೀಲದಲ್ಲಿ ವೀಳ್ಯದೆಲೆ, ಅಡಿಕೆ, ಹಿಡಿ ಅವಲಕ್ಕಿ, ಬಾಟಲಿಯಲ್ಲಿ ಎಳನೀರು ಇಟ್ಟುಕೊಂಡಿದ್ದರು. ದೀಪ ಹಚ್ಚುವುದು ಬೇಡ ಎಂದು ನಾನೇ ಗದರಿಸಿದ್ದೆ. ಅಲ್ ಐನ್ ರಸ್ತೆಯುದ್ದಕ್ಕೂ ಅವರು ಒಂದೇ ವಿಷಯ ಹೇಳಿದರು. ತಮ್ಮ ಫೋನ್ ಮಾಡಿದಾಗ ಹೇಳುತ್ತಿದ್ದನಂತೆ: ಅಕ್ಕ, ಇಲ್ಲಿ ಬೆಟ್ಟದಡಿಯಲ್ಲಿ ಕಲ್ಲಿನ ಗುಡಿಗಳಿವೆ, ನಮ್ಮ ದೈವದ ಗುಡಿಯ ಹಾಗೆ ಬಾಗಿಲು ಸಣ್ಣದು, ಒಳಗೆ ಯಾರೂ ಇಲ್ಲ, ಕೊನೆಯ ಗುಡಿಯ ನೆರಳಿನಲ್ಲಿ ಕೂತು ನಾನು ಊಟ ಮಾಡುತ್ತೇನೆ.

ಅವು ಗುಡಿಗಳಲ್ಲ, ಗೋರಿಗಳು. ನಾನು ಆ ವಾರ ಕಚೇರಿಯಲ್ಲಿ ಕದ್ದು ಓದಿಕೊಂಡಿದ್ದೆ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ಜನ ತಮ್ಮವರು ಸತ್ತಾಗ ಬೆಟ್ಟದ ಸುಣ್ಣಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ಗುಮ್ಮಟದ ಹಾಗೆ ಎಬ್ಬಿಸಿ, ಒಳಗೆ ಹೂಳುತ್ತಿದ್ದರಂತೆ. ಒಂದೊಂದು ದಿಬ್ಬದಲ್ಲಿ ಹಲವರು, ಬಹುಶಃ ಒಂದೇ ಮನೆಯವರು. ಇದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ಓಡಿಸಿದೆ. ಕೊನೆಗೆ ಹೇಳಿಬಿಟ್ಟೆ. ಅವರು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಹಾಗಾದ್ರೆ ಅವ ಒಬ್ಬನೇ ಇರ್ಲಿಲ್ಲ" ಎಂದರು.

ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಇಳಿದಾಗ ಚಕ್ರ ಮರಳಿನಲ್ಲಿ ಜಾರತೊಡಗಿತು. ಸಿಕ್ಕಿಹಾಕಿಕೊಂಡರೆ ಆ ಬಿಸಿಲಿನಲ್ಲಿ ಯಾರನ್ನು ಕರೆಯುವುದು? ಗಟ್ಟಿ ನೆಲ ಹುಡುಕಿ ದೂರದಲ್ಲೇ ಕಾರು ನಿಲ್ಲಿಸಿದೆ. ಮುಂದೆ ಬೋಳು ಬೆಟ್ಟ. ಅದರ ಬುಡದಲ್ಲಿ ದಿಬ್ಬಗಳು ಅಲ್ಲಲ್ಲಿ ಚೆದುರಿದ್ದವು. ಕೆಲವನ್ನು ಸರಿಪಡಿಸಿ ನಿಲ್ಲಿಸಿದ್ದರು, ಕೆಲವು ಬರೀ ಕಲ್ಲಿನ ರಾಶಿಗಳು. ಒಂದು ಫಲಕವೂ ಇತ್ತು, ಏನನ್ನೂ ಮುಟ್ಟಬಾರದು, ತೆಗೆಯಬಾರದು ಎಂದು. ನಾನು ಅದನ್ನು ಓದಿ ಅಕ್ಕನ ಮುಖ ನೋಡಿದೆ. ಅವರು ಚಪ್ಪಲಿ ಕಳಚುತ್ತಿದ್ದರು.

ಕಾದ ಕಲ್ಲುಗಳ ಮೇಲೆ ಬರಿಗಾಲಿನಲ್ಲಿ ಅವರು ಹೇಗೆ ನಡೆದರೋ. ಕೊನೆಯ ದಿಬ್ಬದ ಬಳಿ ಹೋಗಿ ಅದರ ಸುತ್ತ ಬಂದರು. ಬೆಟ್ಟದ ಕಡೆಯ ಮಗ್ಗುಲಲ್ಲಿ ಬುಡದಿಂದ ಕಳಚಿ ಬಿದ್ದ ಒಂದೆರಡು ಕಲ್ಲುಗಳು ಕೂರುವುದಕ್ಕೆ ಆಗುವ ಹಾಗಿದ್ದವು. ಗೋಡೆಯ ಮೇಲೆ ಒಂದು ಕಡೆ ಕಪ್ಪಗೆ ಎಣ್ಣೆಯ ಗುರುತು, ಯಾರೋ ದಿನಾ ತಲೆ ಒರಗಿಸಿದಂತೆ. ತೆಂಗಿನೆಣ್ಣೆ ಹಚ್ಚುವ ತಲೆಯೇ ಇರಬೇಕು ಎಂದು ನಂಬಿಕೆ ಇಲ್ಲದ ನನಗೂ ಅನ್ನಿಸಿತು. ಅಕ್ಕ ಆ ಗುರುತಿನ ಮೇಲೆ ಅಂಗೈ ಇಟ್ಟು ನಿಂತರು. ಎಲೆ, ಅವಲಕ್ಕಿ ಇಟ್ಟು, ಎಳನೀರು ಹೊಯ್ದು, ತಮ್ಮನನ್ನು ಹೆಸರು ಹಿಡಿದು ಕರೆದರು. "ಬಲ ಮಗ, ಇಲ್ಲಗ್ ಪೋಯಿ" ಎಂದರು. ಬಾ ಮಗ, ಮನೆಗೆ ಹೋಗೋಣ ಎಂದು. ಸಂಜೆ ಆಟಕ್ಕೆ ಹೋದ ಹುಡುಗನನ್ನು ಕರೆಯುವ ಧ್ವನಿ ಅದು. ಆಮೇಲೆ ಕೆಳಗಿನ ಒಂದು ಕಲ್ಲನ್ನು ಎತ್ತಿ ದುಪಟ್ಟಾದ ಸೆರಗಿನಲ್ಲಿ ಮುಚ್ಚಿ ಎದೆಗೆ ಹಿಡಿದುಕೊಂಡರು.

ಬಾಯಿ ಮುಚ್ಚಿತು. ಕಾರಿನ ಕಡೆ ಹೊರಟೆವು.

ಅರ್ಧ ದಾರಿಯಲ್ಲಿದ್ದಾಗ ಧೂಳೆಬ್ಬಿಸುತ್ತಾ ಒಂದು ಪಿಕಪ್ ಬಂದು ನಮ್ಮ ಕಾರಿಗೆ ಅಡ್ಡಲಾಗಿ ನಿಂತಿತು. ಇಳಿದವನು ಕಾವಲುಗಾರ, ಪಠಾಣ. ರೋಜಾ ಹಿಡಿದಿದ್ದ ಬಾಯಿ ಒಣಗಿ ತುಟಿ ಬಿರಿದಿತ್ತು. ಸಿಟ್ಟು ಇದ್ದದ್ದು ಸಹಜ. ಇಷ್ಟು ಬಿಸಿಲಲ್ಲಿ ಇಲ್ಲಿ ಏನು ಕೆಲಸ ಎಂದು ಹಿಂದಿಯಲ್ಲಿ ಕೇಳಿದ. ನೋಡಲು ಬಂದೆವು ಎಂದೆ. ಅವನ ಕಣ್ಣು ಅಕ್ಕನ ಬರಿಗಾಲಿನ ಮೇಲೆ, ಆಮೇಲೆ ಎದೆಗೆ ಹಿಡಿದ ಕೈಗಳ ಮೇಲೆ ನಿಂತಿತು. ಹಸಿರು ದುಪಟ್ಟಾಕ್ಕೆ ಬಿಳಿ ಸುಣ್ಣದ ಪುಡಿ ಹತ್ತಿಕೊಂಡಿತ್ತು.

"ಬಹನ್‌ಜೀ, ಹಾಥ್ ಮೇ ಕ್ಯಾ ಹೈ?"

ಅಕ್ಕ ನೆಲ ನೋಡುತ್ತಾ ನಿಂತರು. ಅವನು ಮತ್ತೆ ಕೇಳಿದ, ಈ ಸಲ ಜೋರಾಗಿ. ಉತ್ತರ ಕೊಡದ ಹೆಂಗಸು ಕಳ್ಳಿಯಾಗಿ ಕಾಣದೆ ಇನ್ನೇನಾಗಿ ಕಾಣುತ್ತಾಳೆ? ನಾನು ಮಧ್ಯೆ ಬಂದೆ. ಅವರಿಗೆ ಉಪವಾಸ, ಮಾತಾಡಬಾರದು, ನಿಮ್ಮ ಹಾಗೆಯೇ ವ್ರತ ಎಂದೆ. ಅವರ ತಮ್ಮ ಇಲ್ಲೇ ತೀರಿಹೋದ ಎಂದೆ. ನನ್ನ ಹಿಂದಿ ಒಂದಕ್ಕೊಂದು ಸೇರದೆ ತಡವರಿಸುತ್ತಿತ್ತು. ಅವನು ಸ್ವಲ್ಪ ಮೆತ್ತಗಾದ ಹಾಗೆ ಕಂಡಿತು. ಆದರೆ ಕೈ ತೆರೆಯಲಿ, ತೋರಿಸಲಿ ಎನ್ನುವುದನ್ನು ಬಿಡಲಿಲ್ಲ. ಅಕ್ಕ ಸೆರಗು ಸರಿಸಿದರು. ಕಲ್ಲು ಕಂಡ ಕೂಡಲೇ ಅವನ ಮುಖ ಕೆಟ್ಟಿತು. ಇಲ್ಲಿಯ ಒಂದು ಕಲ್ಲು ಹೋದರೂ ನನ್ನ ನೌಕರಿ ಹೋಗುತ್ತದೆ, ವಾಪಸು ಇಡಿ, ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದ. ಅವನು ಹೇಳಿದ್ದು ತಪ್ಪೂ ಅಲ್ಲ. ಅದು ಆ ಗೋರಿಯದೇ ಕಲ್ಲು. ಅಕ್ಕನ ಪಾಲಿಗೆ ಅದು ತಮ್ಮ ಕೂತ ಕಲ್ಲು.

ಅಕ್ಕ ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಅವರು ಕಾರಿನ ಕಡೆ ಒಂದು ಹೆಜ್ಜೆ ಇಟ್ಟರು. ಕಾವಲುಗಾರ ಜೇಬಿನಿಂದ ಫೋನ್ ತೆಗೆದು ನನ್ನ ಕಾರಿನ ನಂಬರ್ ಪ್ಲೇಟಿನ ಫೋಟೋ ತೆಗೆದ. ಆಮೇಲೆ ನನ್ನ ಮುಖದ್ದು. ಯಾವ ಕಂಪನಿ, ಐಡಿ ತೋರಿಸಿ ಎಂದ.

ಆ ಐಡಿ ಅವನ ಕೈಗೆ ಹೋದರೆ ಆಮೇಲೆ ಏನೇನು ಆಗಬಹುದೆಂದು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಕಚೇರಿ, ವೀಸಾ, ಮೈಸೂರಿನಲ್ಲಿ ಫೋನಿಗೆ ಕಾಯುತ್ತಾ ಕೂತ ಗಂಡ. ಚೀಲದಲ್ಲಿ ಕೈ ಹಾಕಿದೆ, ಆದರೆ ಕಾರ್ಡು ಬೆರಳಿಗೆ ಸಿಗುತ್ತಿಲ್ಲ. ಅಕ್ಕನಿಗೆ ನಾನು ಒಂದು ಮಾತೂ ಹೇಳಲಿಲ್ಲ. ಕೊಟ್ಟುಬಿಡಿ ಎಂದು ಹೇಳಲು ಬಾಯಿ ಬರಲಿಲ್ಲ, ಕೊಡಬೇಡಿ ಎನ್ನುವ ಧೈರ್ಯವೂ ಇರಲಿಲ್ಲ. ನಾನು ಚೀಲದಲ್ಲಿ ತಡಕಾಡುವುದನ್ನು ಅವರು ನೋಡಿದರು. ನೋಡುತ್ತಲೇ ಇದ್ದರು.

ಅಕ್ಕ ತಿರುಗಿದರು. ಪೂರ್ತಿ ತಿರುಗಿ ಆ ದಿಬ್ಬವನ್ನು ನೋಡಿದರು.

ಆಮೇಲೆ ನಿಧಾನವಾಗಿ ಅದರ ಕಡೆ ನಡೆದರು. ಕಾವಲುಗಾರ ಹಿಂದೆ ಹೋದ, ನಾನೂ ಹೋದೆ. ಎಲ್ಲಿಂದ ಎತ್ತಿದ್ದರೋ ಅಲ್ಲಿಯೇ, ಅದೇ ಮಗ್ಗುಲಿಗೆ ಕಲ್ಲನ್ನು ಇಟ್ಟರು. ಅಲುಗದ ಹಾಗೆ ಬುಡಕ್ಕೆ ಒಂದು ಚೂರು ಕಲ್ಲನ್ನೂ ಒತ್ತಿದರು. ಬಹಳ ಹೊತ್ತಿನಿಂದ ಕಟ್ಟಿದ್ದ ಬಾಯಿ ಬಿಟ್ಟು ತುಳುವಿನಲ್ಲಿ ಏನೋ ಹೇಳಿದರು. ಗದರಿಕೆಯ ಹಾಗೂ ಇತ್ತು, ಮುದ್ದಿನ ಹಾಗೂ ಇತ್ತು. ಕಾವಲುಗಾರ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ಕೊನೆಗೆ ಫೋನನ್ನು ನನ್ನ ಮುಂದೆ ಹಿಡಿದು ಫೋಟೋಗಳನ್ನು ಅಳಿಸಿ ತೋರಿಸಿದ. "ಖಲಾಸ್. ಜಾವ್" ಎಂದು ಮುಖ ತಿರುಗಿಸಿಕೊಂಡ.

ಕಾರಿನಲ್ಲಿ ಎ.ಸಿ. ಹಾಕಿ ಹೊರಟೆವು. ಡಾಂಬರು ರಸ್ತೆಗೆ ಬಂದ ಮೇಲೆ ನಾನು ಕೇಳಿದೆ, ಏನೆಂದಿರಿ ಎಂದು. "ಮುಲ್ಪನೇ ಕುಲ್ಲು ಮಗ, ಮುಲ್ಪ ಹಿರಿಯೆರ್ ಉಲ್ಲೆರ್, ಅಂತ ಹೇಳಿದೆ" ಎಂದರು. ನನಗೆ ಅರ್ಥವಾಗಲಿಲ್ಲವೆಂದು ಅವರೇ ಬಿಡಿಸಿದರು: "ಇಲ್ಲೇ ಕೂತ್ಕೋ ಮಗ, ಇಲ್ಲಿ ಹಿರಿಯರಿದ್ದಾರೆ, ಅಂತ. ನಮ್ಮವರಲ್ಲ, ಯಾರದ್ದೋ ಹಿರಿಯರು. ಆದ್ರೆ ಹಿರಿಯರೇ ಅಲ್ವಾ?" ಅಷ್ಟು ಹೇಳಿ ಸೆರಗಿನ ಬಿಳಿ ಪುಡಿಯನ್ನು ಕೊಡವಲು ಹೋದರು, ಕೊಡವಲಿಲ್ಲ. ಆಮೇಲೆ ಅತ್ತರು. ನನ್ನಿಂದಾಗಿ ಅವರ ತಮ್ಮ ಮನೆಗೆ ಬರಲಿಲ್ಲ ಎಂಬ ಸಂಕಟ ನನಗೆ. ಅದನ್ನು ಹೇಳಲು ಬಾಯಿ ತೆರೆದರೆ "ನೀವು ರಸ್ತೆ ನೋಡಿ" ಎಂದು ಸುಮ್ಮನಾಗಿಸಿದರು.

ಅಮಾವಾಸ್ಯೆಗೆ ಮುಂಚೆ ಅವರು ಊರಿಗೆ ಹೋದರು. ಶಾಲೆಯ ರಜೆಯಾದ್ದರಿಂದ ಮಗಳು ಅದಾಗಲೇ ಅಜ್ಜಿಯ ಮನೆಯಲ್ಲಿದ್ದಳು. ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಫೋನಿನಲ್ಲಿ ಹೇಳಿದರು. ಬರಿಗೈಯಲ್ಲಿ ತಾಯಿಯ ಮುಂದೆ ನಿಲ್ಲುವುದು ಹೇಗೆ? ಗೇಟಿನ ಬಳಿ ಪಾಗಾರದಿಂದ ಉದುರಿದ್ದ ಒಂದು ಮುರಕಲ್ಲಿನ ತುಂಡು ಕಂಡಿತು. ಎತ್ತಿಕೊಂಡು ಒಳಗೆ ಹೋಗಿ ತಾಯಿಯ ಕೈಗೆ ಇಟ್ಟರಂತೆ. ಹುಟ್ಟಿದಂದಿನಿಂದ ಮುರಕಲ್ಲಿನ ಗೋಡೆಗಳ ನಡುವೆ ಬದುಕಿದ ಹೆಂಗಸು. ಬೆರಳಾಡಿಸಿದ ಕೂಡಲೇ "ಇದು ನಮ್ಮ ಜಾಲ್‌ದ ಕಲ್ಲು" ಎಂದರಂತೆ, ನಮ್ಮ ಅಂಗಳದ್ದು ಎಂದು. ಅಕ್ಕ ಆಗ ಎಲ್ಲವನ್ನೂ ಹೇಳಿದರು. ಗೋರಿಗಳ ವಿಷಯ, ಎಣ್ಣೆಯ ಗುರುತು, ಕಾವಲುಗಾರ, ನಾನು. ತಾಯಿ ಬೈಯಲಿಲ್ಲ. ಅಲ್ಲಿ ಅವನಿಗೆ ಯಾರಿದ್ದಾರೆ ಎಂದಷ್ಟೇ ಕೇಳಿದರು. ಹಿರಿಯರಿದ್ದಾರೆ ಎಂದರು ಅಕ್ಕ. ತಾಯಿ ಆ ಕಲ್ಲನ್ನು ಮಗಳ ಕೈಗೇ ವಾಪಸು ಕೊಟ್ಟು, ಅವನು ಬಾರದಿದ್ದರೆ ಮನೆಯೇ ಅವನ ಹತ್ತಿರ ಹೋಗಲಿ, ಇದನ್ನು ಅವನಿಗೆ ಕೊಡು ಎಂದರಂತೆ. ಆ ಆಟಿ ಮುಗಿಯುವುದರೊಳಗೆ ಅವರು ತೀರಿಕೊಂಡರು.

ಕಲ್ಲು ಈ ಕಡೆ ಬರಲಿಲ್ಲ. ಅಕ್ಕ ಊರಿನಲ್ಲಿದ್ದಾಗಲೇ ಯಜಮಾನರ ಗೋದಾಮು ಮುಚ್ಚಿತು, ವೀಸಾ ರದ್ದಾಯಿತು. ಅವರು ಸಾಮಾನು ಕಟ್ಟಿಕೊಂಡು ಹೋದ ದಿನ ಎದುರಿನ ಬಾಗಿಲಿಗೆ ಬೇರೆ ಬೀಗ ಬಿತ್ತು. ಅಕ್ಕ ಫೋನ್ ಮಾಡುತ್ತಿದ್ದರು. ಮೊದಲು ಆಗಾಗ, ಆಮೇಲೆ ಹಬ್ಬಕ್ಕೊಮ್ಮೆ. ವಿಸಿಟ್ ವೀಸಾದಲ್ಲಿ ಒಮ್ಮೆ ಬರುತ್ತೇನೆ, ನೀವೇ ಕರೆದುಕೊಂಡು ಹೋಗಬೇಕು, ಈ ಸಲ ತೆಗೆಯಲಿಕ್ಕಲ್ಲ ಕೊಡಲಿಕ್ಕೆ, ಆ ಪಠಾಣ ಏನೂ ಹೇಳ್ಲಿಕ್ಕಿಲ್ಲ ಎಂದು ನಗುತ್ತಿದ್ದರು. ನಾನೂ ಬನ್ನಿ ಬನ್ನಿ ಎನ್ನುತ್ತಿದ್ದೆ. ನನ್ನ ಕೆಲಸ ಉಳಿಯಿತು, ನಮ್ಮವರೂ ವಾಪಸು ಬಂದರು, ಮನೆ ಬದಲಾಯಿತು. ವರ್ಷಗಳು ಹೇಗೆ ಹೋಗುತ್ತವೆ ಎನ್ನುವುದು ಗಲ್ಫಿನಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ...

ಅಕ್ಕ ತೀರಿಹೋದದ್ದು ಕಳೆದ ತಿಂಗಳು. ಮಗಳು ವಾಯ್ಸ್ ಮೆಸೇಜ್ ಕಳಿಸಿದ್ದಳು. ಅರ್ಧ ಇಂಗ್ಲಿಷು, ಅರ್ಧ ಅಳು. ಅಮ್ಮ ಕೊನೆಯವರೆಗೆ ಆ ಮುರಕಲ್ಲನ್ನು ತನ್ನ ಸೀರೆಗಳ ನಡುವೆ ಇಟ್ಟುಕೊಂಡಿದ್ದಳು, 'ಒಡಹುಟ್ಟಿದವರೇ ಒಯ್ಯಬೇಕಿತ್ತು, ನನ್ನಿಂದ ಆಗಲಿಲ್ಲ, ಅವರಿಗೆ ಕೊಡು, ಅವತ್ತು ಜತೆಗೆ ಇದ್ದವರು ಅವರೇ' ಎಂದು ನಿಮ್ಮ ಬಗ್ಗೆ ಹೇಳಿದ್ದಳು ಆಂಟಿ ಎಂದಿದ್ದಳು. ಆ ಮೆಸೇಜನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ನನಗಾಗಿ ಅವತ್ತು ಹಿಂದಿರುಗಿ ನೋಡಿದ ಹೆಂಗಸು, ಕೊನೆಯಲ್ಲೂ ನನ್ನನ್ನೇ ನಂಬಿದ್ದರು.

ಕಲ್ಲು ಈಗ ಬಾಗಿಲ ಹಿಂದಿನ ಕೊಕ್ಕೆಗೆ, ಬಟ್ಟೆಯ ಚೀಲದಲ್ಲಿ ತೂಗಿಕೊಂಡಿದೆ. ಯಾಕೆ ಅಲ್ಲಿ ನೇತು ಹಾಕಿದ್ದೀಯ, ಕೆಳಗಿಡಬಾರದೇ ಎಂದು ನಮ್ಮವರು ಕೇಳಿದರು. ಬಾರದು ಎಂದೆ. ನಂಬಿಕೆ ಬಂತೇ ಎಂದರೆ ಗೊತ್ತಿಲ್ಲ, ಕೆಳಗಿಡಲು ಮಾತ್ರ ಕೈ ಬರುವುದಿಲ್ಲ. ಈ ವಾರದ ರಜೆಯಲ್ಲಿ ಆ ಬೆಟ್ಟದ ಬುಡಕ್ಕೆ ಹೊರಡುತ್ತೇನೆ. ಯಾರಾದರೂ ತಡೆದು ಕೈಯಲ್ಲೇನು ಎಂದು ಕೇಳಿದರೆ ತೆರೆದು ತೋರಿಸುತ್ತೇನೆ. ಅಲ್ಲಿ ಬಿಡಲು ಒಪ್ಪದಿದ್ದರೆ ಎಣ್ಣೆಯ ಗುರುತಿನ ಪಕ್ಕ ಒಂದಿಷ್ಟು ಹೊತ್ತು ಹಿಡಿದುಕೊಂಡಾದರೂ ನಿಲ್ಲುತ್ತೇನೆ.

ನನಗೆ ಅಳುಕು ಇರುವುದು ಬೇರೊಂದಕ್ಕೆ. ಕಲ್ಲಿನ ಜೊತೆ ಆ ತಮ್ಮನಿಗೆ ಸುದ್ದಿಯನ್ನೂ ಹೇಳಬೇಕಲ್ಲ. ಅಕ್ಕ ಹೋದಳು ಎಂದು ತುಳುವಿನಲ್ಲಿ ಹೇಗೆ ಹೇಳುವುದು ಎಂದು ಮಗಳಿಗೆ ಫೋನ್ ಮಾಡಿ ಕೇಳಿದೆ. "ಸಾರಿ ಆಂಟಿ, ಐ ಡೋಂಟ್ ನೋ" ಎಂದಳು. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು ಬಾಯಿ ತಪ್ಪಿ ಅಂದುಬಿಟ್ಟಳು. ಇಬ್ಬರೂ ಫೋನ್ ಹಿಡಿದುಕೊಂಡೇ ಅತ್ತೆವು.

ಕನ್ನಡದಲ್ಲೇ ಹೇಳುತ್ತೇನೆ. ಅವನು ಶಾಲೆಯಲ್ಲಿ ಓದಿದ್ದು ಕನ್ನಡ ಎಂದು ಅಕ್ಕ ಹೇಳಿದ ನೆನಪು.